ಕೋಚ್‌ಗೆ ತೊಡಿಸಿದ ಪೇಟ

ಮನೆ ಬದಲಾಯಿಸುವುದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ಗಲ್ಫಿನ ಈ ಊರಲ್ಲಿ, ಅಲ್ ಕುಸೈಸ್ ಬಡಾವಣೆಯ ಹಳೆಯ ಫ್ಲ್ಯಾಟ್ ಖಾಲಿ ಮಾಡಿ ಡಿಸ್ಕವರಿ ಗಾರ್ಡನ್ಸ್‌ಗೆ ಹೊರಡುವ ಗಡಿಬಿಡಿಯಲ್ಲಿ, ಔಷಧಿ ಕಪಾಟಿನ ಮೂಲೆಯಿಂದ ಹಸಿರು ಬಣ್ಣದ ಒಂದು ತಗಡಿನ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಬಿಗಿದಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದೆ. ಕರ್ಪೂರ, ಪೈನ್ ಮರದ ಅಂಟು, ಅದರಡಿಯಲ್ಲಿ ಹಳಸಿದ ತುಪ್ಪದಂಥ ಒಂದು ಕಮಟು... ರಟ್ಟಿನ ಪೆಟ್ಟಿಗೆಗಳ ನಡುವೆ ಅಲ್ಲೇ ಕೂತುಬಿಟ್ಟೆ. ಸಾಮಾನು ಕಟ್ಟಲು ಬಂದವನು "ಮೇಡಂ, ಯೇ ಭೀ ಡಾಲೂಂ ಕ್ಯಾ?" ಎಂದು ಎರಡು ಸಲ ಕೇಳಿದ. ಇದನ್ನು ಹಾಕಬೇಡ ಎಂದು ಡಬ್ಬಿಯನ್ನು ನನ್ನ ಕೈಚೀಲಕ್ಕೆ ಸೇರಿಸಿದೆ.

ಅದು ಕೋಚ್ ಕೊಟ್ಟಿದ್ದ ಮುಲಾಮು. ಅವರು ಆಸ್ಟ್ರಿಯಾ ದೇಶದವರು. ಅವರ ಹೆಸರು ನನಗೆ ಚೆನ್ನಾಗಿ ಗೊತ್ತು, ಆದರೆ ಬರೆಯುವುದಿಲ್ಲ. ನಮ್ಮ ಜನ ಅವರಿಗೆ ಮಾಡಿದ್ದನ್ನು ಬರೆಯುವಾಗ ಹೆಸರನ್ನೂ ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ. ಮೈದಾನದಲ್ಲಿ ಎಲ್ಲರಿಗೂ ಅವರು ಬರೀ ಕೋಚ್ ಆಗಿದ್ದರು.

ನಾನು ಹುಬ್ಬಳ್ಳಿಯವಳು, ಫಿಸಿಯೋಥೆರಪಿ ಓದಿದವಳು. ವಾರವೆಲ್ಲ ಒಂದು ಕ್ಲಿನಿಕ್ಕಿನಲ್ಲಿ ಜನರ ಸೊಂಟ, ಕುತ್ತಿಗೆ ಸರಿಮಾಡುತ್ತಿದ್ದೆ. ಶುಕ್ರವಾರ ಬೆಳಿಗ್ಗೆ, ಆಗಿನ್ನೂ ಶುಕ್ರವಾರವೇ ರಜೆ, ಮಕ್ಕಳ ಫುಟ್‌ಬಾಲ್ ಅಕಾಡೆಮಿಗೆ ಹೋಗುತ್ತಿದ್ದೆ. ಉಡುಪಿ, ಮಂಗಳೂರು ಕಡೆಯ ಕೆಲವು ವ್ಯಾಪಾರಸ್ಥರು ಸೇರಿ ಒಂದು ಶಾಲೆಯ ಮೈದಾನವನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಅಕಾಡೆಮಿ ಅದು. ಅದರ ಅಧ್ಯಕ್ಷರೇ ನಮ್ಮ ಕರಾವಳಿಯವರ ಸಂಘಕ್ಕೂ ಅಧ್ಯಕ್ಷರು. ಹುಡುಗಿಯರ ತಂಡ ಕಟ್ಟಿದಾಗ ಹೆಂಗಸೊಬ್ಬಳು ಜೊತೆಯಲ್ಲಿರಬೇಕೆಂದು ನನ್ನನ್ನು ಕರೆದರು. ನನಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಮೊಣಕಾಲು ಮಾತ್ರ ಗೊತ್ತಿತ್ತು.

ಕೋಚ್ ಬಂದ ವಾರವೇ ಗೇಟಿನ ಮೇಲೆ ಬ್ಯಾನರ್ ಬಿತ್ತು. ಯುರೋಪಿನ ಕೋಚ್ ಎಂಬ ಅಕ್ಷರಗಳು ಅಕಾಡೆಮಿಯ ಹೆಸರಿಗಿಂತ ದೊಡ್ಡದಾಗಿದ್ದವು. ಅವರು ಅದರ ಕೆಳಗೆ ನಿಂತು, ತಲೆಯೆತ್ತಿ ತಮ್ಮದೇ ಮುಖ ನೋಡಿ, "ಇಪ್ಪತ್ತು ವರ್ಷ ಆಡಿದ್ದೇನೆ, ಯಾರೂ ನನ್ನನ್ನು ಇಷ್ಟು ದೊಡ್ಡದಾಗಿ ಮಾಡಿರಲಿಲ್ಲ" ಎಂದು ನಕ್ಕರು. ಅವರ ಇಂಗ್ಲಿಷ್ ಗಡಸು, ನಗು ಮಾತ್ರ ಮೆತ್ತಗೆ.

ಮೊದಲ ದಿನವೇ ನನ್ನ ಮುಂದೆ ಕೂತು ಪ್ಯಾಂಟು ಮಡಚಿ ಮೊಣಕಾಲು ತೋರಿಸಿದರು. ಎರಡು ಕಡೆ ಹೊಲಿಗೆ ಹಾಕಿದ ಗುರುತು. ತಮ್ಮ ಊರಿನ ಮುಲಾಮಿನ ಡಬ್ಬಿ ಕೊಟ್ಟು ಇದನ್ನೇ ತಿಕ್ಕಿ ಎಂದರು. ವಾರಗಟ್ಟಲೆ ತಿಕ್ಕಿದೆ. ಒಂದು ದಿನ ಏನು ಹಾಕಿರುತ್ತಾರೆ ಇದಕ್ಕೆ ಎಂದು ಕೇಳಿದರೆ, ಯಾವುದೋ ಬೆಟ್ಟದ ಮೇಲಿನ ಅಳಿಲಿನಂಥ ಪ್ರಾಣಿಯ ಕೊಬ್ಬು ಎಂದು ಹೆಮ್ಮೆಯಿಂದ ಹೇಳಿದರು! ಮೊಟ್ಟೆಯನ್ನೂ ಮುಟ್ಟದ ಮನೆಯವಳು ನಾನು. "ಶಿವನೇ, ಮೊದ್ಲ ಹೇಳಬಾರದಾ?" ಎಂದು ಕನ್ನಡದಲ್ಲೇ ಕೂಗಿ ನಲ್ಲಿಗೆ ಓಡಿದೆ. ಅವರಿಗೆ ಅರ್ಥವಾಗದಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಶುಕ್ರವಾರ ಕೈಗವಸು ತಂದುಕೊಟ್ಟರು.

ಮೊಣಕಾಲು ತಿಕ್ಕಿಸಿಕೊಳ್ಳುತ್ತ ಅವರು ತಮ್ಮ ಕಥೆ ಹೇಳುತ್ತಿದ್ದರು. ಚಿಕ್ಕ ಊರಿನ ಹುಡುಗ, ಮಿಡ್‌ಫೀಲ್ಡರ್. ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ, ಎರಡನೇ ದರ್ಜೆಯಿಂದ ಮೂರನೆಯದಕ್ಕೆ, ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ದುಡ್ಡು ಹಾಕುವವರು ಬದಲಾದಂತೆಲ್ಲ ಒಂದು ಕ್ಲಬ್ಬಿನ ಹೆಸರೂ ಮೂರು ಸಲ ಬದಲಾಯಿತಂತೆ, ಒಮ್ಮೆ ಬಿಯರಿನವರ ಹೆಸರು, ಒಮ್ಮೆ ಜಲ್ಲಿಕಲ್ಲಿನವರದು. ಇನ್ನೊಂದು ಕ್ಲಬ್ಬು ಸೀಸನ್ನಿನ ನಡುವೆಯೇ ಬಾಗಿಲು ಹಾಕಿತು. ದೇಶದ ತಂಡಕ್ಕೆ ಒಂದೇ ಒಂದು ಸಲ ಕರೆ ಬಂದಿತ್ತು. "ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಅದನ್ನು ತೊಳೆಯುವ ಪ್ರಸಂಗವೇ ಬರಲಿಲ್ಲ" ಎಂದಿದ್ದರು.

ಆಡುವುದು ನಿಂತ ಮೇಲೆ ಕೋಚ್ ಆದರು, ಅದೂ ಯಾವಾಗಲೂ ಎರಡನೆಯವರು. ದೊಡ್ಡ ಹೆಸರಿನ ಕೋಚ್ ಒಬ್ಬರ ಸಹಾಯಕರಾಗಿ ಅಬುಧಾಬಿಯ ಒಂದು ಕ್ಲಬ್ಬಿಗೆ ಬಂದರು. ಸಮುದ್ರ ಕಾಣುವ ಫ್ಲ್ಯಾಟ್, ಓಡಾಡಲು ಕಾರು. ಇಲ್ಲಿನ ಕ್ಲಬ್ಬುಗಳು ಕೋಚ್‌ಗಳನ್ನು ಬದಲಿಸುವುದು ನಾವು ತಲೆದಿಂಬಿನ ಗವಸು ಬದಲಿಸಿದ ಹಾಗೆ. ಸತತವಾಗಿ ಕೆಲವು ಪಂದ್ಯ ಸೋತದ್ದೇ ತಡ, ದೊಡ್ಡವರು ಹೊರಗೆ, ಅವರ ಹಿಂದೆ ಬಂದವರೆಲ್ಲ ಖಲಾಸ್. ದೊಡ್ಡವರಿಗೆ ಬೇರೆ ದೇಶದಲ್ಲಿ ಕೆಲಸ ಕಾದಿತ್ತು. ಇವರು ಇಂಟರ್‌ನ್ಯಾಷನಲ್ ಸಿಟಿ ಎಂಬ ಅಗ್ಗದ ಬಡಾವಣೆಯ ಒಂದು ಕೋಣೆಗೆ ಬಂದು ಬಿದ್ದರು. ಅಲ್ಲಿಂದ ನಮ್ಮ ಅಕಾಡೆಮಿಗೆ.

ಆದರೂ ನಮ್ಮಲ್ಲಿ ಅವರು ಖುಷಿಯಿಂದಿದ್ದರು. ಯಾಕೆಂದರೆ ಜನ್ಮದಲ್ಲಿ ಮೊದಲ ಸಲ ಅವರು ಮುಖ್ಯ ಕೋಚ್. ಹುಡುಗಿಯರ ತಂಡವಾದರೇನು, ತಂಡ ಅವರದ್ದು. ಅಬುಧಾಬಿಯ ಹಳೆಯ ಕ್ಲಬ್ಬಿನವರು ಆಗ ಹೊಸದಾಗಿ ಹುಡುಗಿಯರ ತಂಡ ಕಟ್ಟುವ ಯೋಚನೆಯಲ್ಲಿದ್ದರು. ಎರಡು ಸೀಸನ್ ಪೂರ್ತಿಯಾಗಿ ಮುಖ್ಯ ಕೋಚ್ ಆಗಿ ಮುಗಿಸಿ ಬನ್ನಿ, ತಂಡ ನಿಮಗೇ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಒಂದು ಸೀಸನ್ ಮುಗಿಯುತ್ತ ಬಂದಿತ್ತು. ಇನ್ನೊಂದು ವರ್ಷ ನಮ್ಮ ಅಕಾಡೆಮಿ ಅವರನ್ನು ಇಟ್ಟುಕೊಳ್ಳಬೇಕು, ಅಷ್ಟೇ ಬೇಕಾಗಿದ್ದದ್ದು. ವೀಸಾ ನಿಂತಿದ್ದೂ ಅದರ ಮೇಲೆಯೇ.

ಅದಕ್ಕೆ ಕಲ್ಲು ಬಿದ್ದದ್ದು ಅಧ್ಯಕ್ಷರ ಮಗಳಿಂದ. ತಪ್ಪು ಆ ಹುಡುಗಿಯದಲ್ಲ, ಪಾಪ. ಹದಿನೈದರ ಹುಡುಗಿ, ತಂಡದಲ್ಲೇ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದಳು. ಅದಕ್ಕೇ ಕೋಚ್ ಅವಳನ್ನು ಮೈದಾನದ ನಟ್ಟನಡುವೆ, ರಕ್ಷಣೆಯವರ ಮುಂದೆ ನಿಲ್ಲಿಸಿದರು. ಎದುರಾಳಿಯಿಂದ ಚೆಂಡು ಕಸಿಯಬೇಕು, ಹತ್ತಿರದವಳಿಗೆ ದಾಟಿಸಬೇಕು, ಮತ್ತೆ ತನ್ನ ಜಾಗಕ್ಕೆ ಬರಬೇಕು. ಗೋಲು ಹೊಡೆಯುವುದು ಬೇರೆಯವರು. "ಅದು ನಾನು ಆಡುತ್ತಿದ್ದ ಜಾಗ. ಸಿಕ್ಕಸಿಕ್ಕವರಿಗೆ ಕೊಡುವುದಿಲ್ಲ" ಎಂದು ನನಗೆ ಹೇಳಿದ್ದರು. ತಮ್ಮ ಹತ್ತಿರ ಇದ್ದದ್ದರಲ್ಲೇ ಬೆಲೆಬಾಳುವುದನ್ನು ಅವಳಿಗೆ ಕೊಟ್ಟೆನೆಂದು ಆ ಮನುಷ್ಯ ನಂಬಿದ್ದರು.

ಅಧ್ಯಕ್ಷರಿಗೆ ಕಂಡದ್ದೇ ಬೇರೆ. ಗೆರೆಯ ಹೊರಗೆ ಮೊಬೈಲ್ ಹಿಡಿದು ನಿಂತು ನನ್ನ ಹತ್ತಿರ ಗೊಣಗುತ್ತಿದ್ದರು. "ಅಲ್ಲ ಡಾಕ್ಟ್ರೇ, ನನ್ನ ಮಗಳು ಇಡೀ ಮ್ಯಾಚು ಓಡ್ತಾಳೆ, ಒಂದು ಗೋಲಿಲ್ಲ. ಊರಿಗೆ ವಿಡಿಯೋ ಕಳಿಸುದು ಎಂತದ್ದು? ಅವಳು ನಡುವಲ್ಲಿ ನಿಂತದ್ದಾ? ಅಕಾಡೆಮಿ ಕಟ್ಟಿದ್ದು ನಾನು, ನನ್ನ ಮಗಳನ್ನೇ ಇವ ಹಿಂದೆ ನಿಲ್ಲಿಸುದಂತೆ!"

ಕೋಚ್‌ಗೆ ಹೇಳಿದೆ. ಒಂದೆರಡು ಪಂದ್ಯಕ್ಕಾದರೂ ಅವಳನ್ನು ಮುಂದೆ ಬಿಡಿ ಎಂದೆ. ಅವರಿಗೆ ನಾನು ಏನು ಹೇಳುತ್ತಿದ್ದೇನೆಂದೇ ಹೊಳೆಯಲಿಲ್ಲ. ಅಕಾಡೆಮಿಗಳ ಟೂರ್ನಿಯಲ್ಲಿ ನಮ್ಮ ತಂಡ ಫೈನಲ್ ತಲುಪಿತ್ತು, ಅದನ್ನು ನೋಡಿದರೆ ಅಪ್ಪನಿಗೆ ತಾನಾಗಿ ಗೊತ್ತಾಗುತ್ತದೆ ಎಂದರು.

ಫೈನಲ್ ಅಬುಧಾಬಿಯಲ್ಲಿತ್ತು. ಏಪ್ರಿಲ್ ತಿಂಗಳು, ಬೆಳಿಗ್ಗೆ ಒಂಬತ್ತಕ್ಕೇ ಕೃತಕ ಹುಲ್ಲು ಕಾದು ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಎದುರಿನವರು ನಮ್ಮವರಿಗಿಂತ ಒಂದು ಗೇಣು ಎತ್ತರದ ಹುಡುಗಿಯರು. ಆ ದಿನ ಅಧ್ಯಕ್ಷರ ಮಗಳು ಆಡಿದ್ದನ್ನು ಏನೆಂದು ಹೇಳಲಿ... ಚೆಂಡು ಎಲ್ಲಿ ಬರುತ್ತದೆಂದು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು. ಎದುರಿನವರು ಬಂದಾಗಲೆಲ್ಲ ಅವಳು ಅಲ್ಲಿ ನಿಂತಿರುತ್ತಿದ್ದಳು. ನನ್ನಂಥ ದಡ್ಡಿಗೂ ಅಂದು ಫುಟ್‌ಬಾಲ್ ಅರ್ಥವಾಯಿತು. ಒಂದು ಗೋಲಿನಿಂದ ಗೆದ್ದೆವು. ಹೊಡೆದವಳು ಕೇರಳದ ಹುಡುಗಿ. ಎಲ್ಲರೂ ಅವಳನ್ನು ಎತ್ತಿಕೊಂಡು ಕುಣಿದರು. ಕೋಚ್ ಮಾತ್ರ ನಡುವಿಗೆ ನಡೆದು ಹೋಗಿ ಅಧ್ಯಕ್ಷರ ಮಗಳ ಕೈ ಕುಲುಕಿದರು, ದೊಡ್ಡವರ ಕೈ ಕುಲುಕಿದ ಹಾಗೆ. ಅಧ್ಯಕ್ಷರು ಮೊಬೈಲ್ ಜೇಬಿಗಿಟ್ಟು ಕಾರಿನ ಕಡೆ ನಡೆದಿದ್ದರು.

ಎರಡು ವಾರದ ನಂತರ ಸಂಘದ ವಾರ್ಷಿಕೋತ್ಸವ. ಅದರಲ್ಲಿ ಕೋಚ್‌ಗೆ ಸನ್ಮಾನ ಎಂದು ಸುದ್ದಿ ಬಂತು. ನಮ್ಮ ಜನರ ಸನ್ಮಾನ ಗೊತ್ತಲ್ಲ... ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ಫಲಕ. ಕೋಚ್ ಖುಷಿಯಿಂದ ಹಿಗ್ಗಿಹೋದರು. ಅವರ ದೇಶದಲ್ಲಿ ಕ್ಲಬ್ಬು ಕೋಚ್‌ನನ್ನು ಎಲ್ಲರ ಮುಂದೆ ವೇದಿಕೆ ಹತ್ತಿಸಿತೆಂದರೆ ಮುಂದಿನ ವರ್ಷದ ಕೆಲಸ ಗಟ್ಟಿ ಎಂದೇ ಅರ್ಥವಂತೆ. ಅಬುಧಾಬಿಗೆ ಫೋನ್ ಮಾಡಿ ನಾನು ಮುಂದುವರಿಯುತ್ತಿದ್ದೇನೆ ಎಂದು ಹೇಳಿಯೂ ಬಿಟ್ಟರು. ಕಪ್ ಗೆದ್ದದ್ದಕ್ಕೆ ಸನ್ಮಾನ ಎಂದು ನಾನೂ ತಿಳಿದಿದ್ದೆ.

ಶಾಲೆಯ ಸಭಾಂಗಣ ತುಂಬಿತ್ತು. ಕೋಚ್ ಇಸ್ತ್ರಿ ಮಾಡಿದ ಸೂಟಿನಲ್ಲಿ ಬಂದು ವೇದಿಕೆಯ ಕುರ್ಚಿಯ ಮೇಲೆ ನೆಟ್ಟಗೆ ಕೂತರು. ಪೇಟದ ತಟ್ಟೆ ಹಿಡಿದು ನಿಲ್ಲಲು ಅಧ್ಯಕ್ಷರ ಮಗಳಿಗೇ ರೇಷ್ಮೆ ಲಂಗ ಉಡಿಸಿ ಕರೆತಂದಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು. ನಿರೂಪಕರು ಮೈಕ್ ಹಿಡಿದು ಅಚ್ಚಗನ್ನಡದಲ್ಲಿ ಶುರುಮಾಡಿದರು. "ಒಂದು ವರ್ಷ ಕಾಲ ನಮ್ಮ ಮಕ್ಕಳಿಗೆ ಮಾರ್ಗದರ್ಶನ ನೀಡಿ, ಇಂದು ನಮ್ಮಿಂದ ಬೀಳ್ಕೊಳ್ಳುತ್ತಿರುವ ಮಾನ್ಯರ ಮುಂದಿನ ಬದುಕು ಹಸನಾಗಲೆಂದು ಹಾರೈಸೋಣ. ಜೋರಾದ ಚಪ್ಪಾಳೆ!"

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಕೋಚ್ ಕೂಡ ಎದ್ದು ನಿಂತು, ನಗುತ್ತ, ಎಲ್ಲರ ಜೊತೆ ತಾವೂ ಚಪ್ಪಾಳೆ ಹೊಡೆದರು. ತಮ್ಮನ್ನು ಕೆಲಸದಿಂದ ತೆಗೆದ ಮಾತಿಗೆ ತಾವೇ ಚಪ್ಪಾಳೆ! ನಿಂತ ಜನರ ಸಂದಿಯಲ್ಲಿ ನುಗ್ಗಿ ವೇದಿಕೆಯ ಮೆಟ್ಟಿಲ ಹತ್ತಿರ ಹೋಗುವಷ್ಟರಲ್ಲಿ ಅವರು ಪೇಟಕ್ಕೆ ತಲೆ ಬಗ್ಗಿಸಿದ್ದರು. ತಟ್ಟೆ ಹಿಡಿದಿದ್ದ ಹುಡುಗಿ ಏನೋ ಹೇಳಿದ್ದು ಕಾಣಿಸಿತು. ಅಧ್ಯಕ್ಷರು ಪೇಟ ತೊಡಿಸಿದರು. ಕ್ಯಾಮೆರಾದ ಬೆಳಕು ಮಿಂಚಿತು.

ಅಧ್ಯಕ್ಷರನ್ನು ಪರದೆಯ ಹಿಂದೆ ಹಿಡಿದು ನಿಲ್ಲಿಸಿದೆ. "ಅವರಿಗೆ ತಿಳಿಯೋ ಭಾಷಾದಾಗ ಮೊದ್ಲ ಒಂದ ಮಾತ ಹೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ರೀ?"

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಎಂತ ಮಾರಾಯ್ರೆ, ಸುಮ್ನೆ ಕಳಿಸಿದ್ದಾ ನಾವು? ಪೇಟ, ಶಾಲು, ಹಣ್ಣು ಎಲ್ಲ ಕೊಟ್ಟು ಮರ್ಯಾದೆಯಲ್ಲಿ ಕಳಿಸಿದ್ದಲ್ವಾ? ಬೇರೆಯವರು ಇಷ್ಟೂ ಮಾಡುದಿಲ್ಲ. ನಿಮಗೆ ಎಲ್ಲದಕ್ಕೂ ಸಿಟ್ಟು."

ಆ ಮನುಷ್ಯನಿಗೆ ತಾನು ಒಳ್ಳೆಯದೇ ಮಾಡಿದೆನೆಂಬ ನಂಬಿಕೆ ಇತ್ತು. ಬೇಡವಾದವರನ್ನು ಎದುರಿಗೆ ಬೇಡ ಎನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಅದಕ್ಕೆ ಶಾಲು ಹೊದಿಸಿ, ಹಾರ ಹಾಕಿ, ಸಭೆಯ ಕೈಯಲ್ಲಿ ಚಪ್ಪಾಳೆ ಹೊಡೆಸಿ ಬಾಗಿಲು ತೋರಿಸುತ್ತೇವೆ. ಆಮೇಲೆ ಊಟಕ್ಕೆ ಕೂರುತ್ತೇವೆ. ಅಂದೂ ಕೋಳಿ ಸಾರಿನ ಕೋರಿ ರೊಟ್ಟಿ ಚೆನ್ನಾಗಿತ್ತಂತೆ, ಜನ ವಾರಗಟ್ಟಲೆ ಅದನ್ನೇ ಹೊಗಳಿದರು.

ಕೋಚ್ ಪಾರ್ಕಿಂಗ್‌ನಲ್ಲಿ ತಮ್ಮ ಹಳೆಯ ಕಾರಿಗೆ ಒರಗಿ ನಿಂತಿದ್ದರು. ಹೆಗಲ ಮೇಲೆ ಶಾಲು, ಕೈಯಲ್ಲಿ ಪೇಟ. ನಾನು ಬಾಯಿ ತೆರೆಯುವ ಮೊದಲೇ ಗೊತ್ತು ಎಂಬಂತೆ ತಲೆಯಾಡಿಸಿದರು. ತಟ್ಟೆ ಹಿಡಿದ ಹುಡುಗಿ ಹೇಳಿದ್ದು ಇಷ್ಟೇ ಅಂತೆ. "ಕೋಚ್, ದೇ ಆರ್ ಸೇಯಿಂಗ್ ಗುಡ್‌ಬೈ ಟು ಯೂ." ಅಷ್ಟು ದೊಡ್ಡ ಸಭೆಯಲ್ಲಿ ಅವರಿಗೆ ನಿಜ ಹೇಳಿದ್ದು ಆ ಮಗು ಒಂದೇ.

"ಇದನ್ನು ವಾಪಸ್ ಕೊಡಬೇಕಾ?" ಎಂದು ಪೇಟ ತೋರಿಸಿ ಕೇಳಿದರು. ಬೇಡ, ನಿಮ್ಮದೇ ಎಂದೆ. ಅದನ್ನು ಹಿಂದಿನ ಸೀಟಿನ ಮೇಲೆ ಮೆತ್ತಗೆ ಇಟ್ಟರು. ಮುಂದಿನ ಖಾನೆಯಿಂದ ಮುಲಾಮಿನ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ಕಾರು ಮಾರಬೇಕು, ಖಾಲಿ ಮಾಡುತ್ತಿದ್ದೇನೆ ಎಂದರು. ನಾನು ಅಲ್ಲೇ ನಿಂತು ಅತ್ತೆ. ಅವರು ಅಳಲಿಲ್ಲ.

ಬೇಸಿಗೆ ಶುರುವಾಗಿತ್ತು, ಆ ತಿಂಗಳುಗಳಲ್ಲಿ ಇಲ್ಲಿ ಯಾರೂ ಕೋಚ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಒಂದೇ ಸೀಸನ್ ಸಾಲದು ಎಂದು ಅಬುಧಾಬಿಯವರು ಕೈ ತೊಳೆದುಕೊಂಡರು. ವೀಸಾದ ಗಡುವು ಮುಗಿಯುವ ಮೊದಲು ಅವರು ಊರಿಗೆ ಹಾರಿದರು. ಒಂದೆರಡು ವರ್ಷ ಹಬ್ಬಕ್ಕೆ ಮೆಸೇಜು ಬರುತ್ತಿತ್ತು. ತಮ್ಮೂರಿನ ಕ್ಲಬ್ಬಿನಲ್ಲಿ ಮತ್ತೆ ಯಾರದೋ ಸಹಾಯಕನಾಗಿದ್ದೇನೆ ಎಂದು ಒಮ್ಮೆ ಬರೆದಿದ್ದರು. ಆಮೇಲೆ ಆ ನಂಬರಿಗೆ ಕರೆ ಹೋಗಲಿಲ್ಲ... ಹುಡುಗಿಯನ್ನು ಹೊಸ ಕೋಚ್ ಮುಂದೆ ಆಡಿಸಿದ. ಅವಳು ಗೋಲು ಹೊಡೆದಳು, ಅಪ್ಪ ವಿಡಿಯೋ ಮಾಡಿದ. ವರ್ಷ ತುಂಬುವ ಮೊದಲೇ ಅವಳು ಆಟ ಬಿಟ್ಟಳು.

ಸಂಘದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ವರ್ಷ ಸನ್ಮಾನದ ಆ ಫೋಟೋ ಬರುತ್ತದೆ. ಸವಿನೆನಪು ಎಂದು ಕೆಳಗೆ ಬರೆದಿರುತ್ತಾರೆ. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಪೇಟ ತೊಟ್ಟ ಕೋಚ್ ಮಾತ್ರ ಪಕ್ಕಕ್ಕೆ ತಿರುಗಿ ತಟ್ಟೆ ಹಿಡಿದ ಹುಡುಗಿಯನ್ನು ನೋಡುತ್ತಿದ್ದಾರೆ. ಶಿಷ್ಯೆಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಜನ ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಈ ವರ್ಷವೂ ಹಾಕಿದ್ದರು.

ಹೊಸ ಮನೆಯಲ್ಲಿ ಪೆಟ್ಟಿಗೆ ಬಿಚ್ಚುತ್ತ ಕೂತಾಗ ನನ್ನ ಮೊಣಕಾಲೂ ನೋಯುತ್ತಿತ್ತು. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಕೆರೆದು, ಕೈಗವಸಿಲ್ಲದೆ, ತಿಕ್ಕಿಕೊಂಡೆ. ಡಬ್ಬಿ ಖಾಲಿಯಾಯಿತು. ಇನ್ನು ಅವರ ಗುರುತೆಂದು ನನ್ನ ಹತ್ತಿರ ಉಳಿದಿರುವುದು ಆ ಫೋಟೋ ಒಂದೇ, ಅದರಲ್ಲಿ ಅವರಿಗೆ ಆಗಷ್ಟೇ ಗೊತ್ತಾಗಿದೆ.