ಗೋಡೆಯ ಮೇಲಿನ ಎಡಚ

ನನ್ನ ನಾದಿನಿಯನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಪುಕ್ಕಲಿ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅವಳ ಅಣ್ಣ, ಎಂದರೆ ನನ್ನ ಗಂಡ, ಇಟ್ಟ ಹೆಸರು. ಅವಳ ತಲೆಗೂದಲು ನರೆತ ಮೇಲೂ ಬಿಟ್ಟುಹೋಗಿಲ್ಲ. ಲಿಫ್ಟ್ ಎಂದರೆ ಅವಳಿಗೆ ಹೆದರಿಕೆ, ಫೋನ್ ಬಡಿದುಕೊಂಡರೆ ಹೆದರಿಕೆ. ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ ನಿಲ್ಲಿಸಿ ಎನ್ನಲು ಬಾಯಿ ಬಾರದೆ, ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡು ಬರುವವಳು.

ಇಂಥವಳು ಮಕ್ಕಳ ಶಾಲೆಯಲ್ಲಿ ವರ್ಷಗಟ್ಟಲೆ ಡ್ರಾಯಿಂಗ್ ಟೀಚರಾಗಿದ್ದು, ಒಂದು ದಿನ ಊಟಕ್ಕೆ ಕೂತಾಗ, ತಾನು ಕಲಾ ಇತಿಹಾಸದಲ್ಲಿ ಎಂ.ಎ. ಓದುತ್ತೇನೆ, ಅರ್ಜಿ ಹಾಕಿಯಾಗಿದೆ, ಸೀಟೂ ಸಿಕ್ಕಿದೆ ಎಂದಳು. ನನ್ನ ಗಂಡನ ತುತ್ತು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಅಷ್ಟೆಲ್ಲ ವಿಷಯಗಳಿರುವಾಗ ಇದೇ ಯಾಕೆ ಎಂದು ನಾನು ಆಮೇಲೆ ಕೇಳಿದೆ. ಪಾತ್ರೆ ಒರೆಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಚಿತ್ರ ಎಷ್ಟು ಹೊತ್ತು ನೋಡಿದ್ರೂ ಸುಮ್ನಿರುತ್ತೆ ಅತ್ತಿಗೆ. ಏನೇ ಹಂಗೆ ನೋಡ್ತೀಯ ಅಂತ ತಿರುಗಿ ಕೇಳಲ್ಲ.”

ಚಿತ್ರ ಕೇಳದಿದ್ದರೂ ಮೇಷ್ಟ್ರು ಕೇಳುತ್ತಿದ್ದರು. ಅವಳ ಗೈಡ್ ಕೊರಳಿಗೆ ದಾರ ಕಟ್ಟಿ ಒಂದು ಭೂತಗನ್ನಡಿಯನ್ನು ಸದಾ ನೇತುಹಾಕಿಕೊಂಡಿರುತ್ತಿದ್ದರಂತೆ. ಹುಡುಗರೆಲ್ಲ ಅವರನ್ನು ಬೆನ್ನ ಹಿಂದೆ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ನಮ್ಮ ಪುಕ್ಕಲಿಗೆ ಆ ಹೆಸರಿನ ಮೊದಲರ್ಧವೇ ಸಾಕಾಗಿತ್ತು. ಅವರು ಯಾರನ್ನೂ ಗದರುವವರಲ್ಲ. ಬರೆದದ್ದನ್ನು ಓದುತ್ತಾ ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತುಬಿಡುವರು. ಅವಳಿಗಿಂತ ಮುಂಚಿನ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಂದು ಚಿತ್ರದ ಕೆಳಗೆ ಇನ್ನೊಂದರ ವಿವರ ಬರೆದಿದ್ದಳಂತೆ. ಮೊದಲಿನಿಂದ ಎಲ್ಲವನ್ನೂ ಬರೆಯಿರಿ ಎಂದರಂತೆ ಇವರು. ಅವಳು ಓದನ್ನೇ ಬಿಟ್ಟು ಹೋದಳು. ಈ ಕಥೆಯನ್ನು ಪುಕ್ಕಲಿ ನನಗೆ ಎಷ್ಟು ಸಲ ಹೇಳಿದ್ದಾಳೋ. ಪ್ರತಿ ಸಲವೂ ಹೇಳಿ ಮುಗಿಸಿ ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತಿದ್ದಳು.

ವಿಭಾಗದಲ್ಲಿ ಸ್ಲೈಡುಗಳ ಕೋಣೆ ಎಂದೊಂದಿತ್ತು. ಮೇಷ್ಟ್ರು ಪ್ರಾಯದಲ್ಲಿ ಊರೂರು ತಿರುಗಿ ತೆಗೆದ ಚಿತ್ರಗಳೆಲ್ಲ ಅಲ್ಲಿ ಕಪಾಟುಗಳ ಖಾನೆಗಳಲ್ಲಿದ್ದವು. ಒಂದು ಖಾನೆಗೆ ಬೂಷ್ಟು ಹಿಡಿದಿತ್ತು. ಅದರಲ್ಲಿದ್ದ ಸ್ಲೈಡುಗಳ ಫಿಲ್ಮನ್ನು ಬಿಡಿಸಿ ಒರೆಸಿ ಹೊಸ ಚೌಕಟ್ಟಿಗೆ ಹಾಕುವ ಕೆಲಸವನ್ನು ಇವಳಿಗೆ ಕೊಟ್ಟರು. ಜನರ ಮುಂದೆ ನಡುಗುವ ಆ ಕೈ ಫಿಲ್ಮ್ ಹಿಡಿದರೆ ಅಲುಗುತ್ತಿರಲಿಲ್ಲ. ಫಿಲ್ಮಿಗೆ ಒಂದು ಮಗ್ಗುಲು ಹೊಳಪು, ಇನ್ನೊಂದು ಮಂಕು. ಹೊಳಪಿನ ಮಗ್ಗುಲು ನಮ್ಮ ಕಡೆ ಇರಬೇಕು, ಆಮೇಲೆ ಚೌಕಟ್ಟಿನ ಕೆಳಗೆ ಎಡಮೂಲೆಗೆ ಕೆಂಪು ಚುಕ್ಕೆ ಇಡಬೇಕು. ಆಗ ಪರದೆಯ ಮೇಲೆ ಚಿತ್ರ ನೇರವಾಗಿ ಬೀಳುತ್ತದೆ. ಅವಳು ಹೇಳುತ್ತಿದ್ದಳು, ನಾನು ಮನೆಗೆಲಸ ಮಾಡಿಕೊಂಡು ಕೇಳುತ್ತಿದ್ದೆ. ಹೀಗೆ ಕೇಳಿ ಕೇಳಿಯೇ ನನಗೂ ಅಷ್ಟಿಷ್ಟು ತಿಳಿಯಿತು.

ಆ ಖಾನೆಯಲ್ಲಿದ್ದದ್ದು ಒಂದು ಹಳೆಯ ವಸತಿಗೃಹದ ಉದ್ದನೆಯ ಗೋಡೆ. ಗೋಡೆಯ ತುಂಬ ಒಂದು ಬೀದಿಯ ಚಿತ್ರ: ಬುಟ್ಟಿ ಹೆಣೆಯುವವರು, ನೀರು ಹೊರುವವರು, ಕಬ್ಬಿಣ ಬಡಿಯುವವರು. ಕಟ್ಟಡ ಕೆಡವುವ ಮುಂಚೆ ಮೇಷ್ಟ್ರು ಒಂದು ಮಧ್ಯಾಹ್ನ ಓಡಿಹೋಗಿ ಭಾಗ ಭಾಗವಾಗಿ ಫೋಟೋ ತೆಗೆದಿದ್ದರು. ಈಗ ಗೋಡೆ ಇಲ್ಲ, ಸ್ಲೈಡುಗಳಷ್ಟೇ ಇವೆ. ಪುಕ್ಕಲಿ ಅದನ್ನೇ ತನ್ನ ಪ್ರಬಂಧಕ್ಕೆ ತೆಗೆದುಕೊಂಡಳು. ಕೊನೆಯ ಸ್ಲೈಡಿನಲ್ಲಿ, ಗೋಡೆಯ ಮೂಲೆಯಲ್ಲಿ, ಕುಂಚ ಹಿಡಿದ ಒಬ್ಬ ಗಂಡಸು ಒಬ್ಬನೇ ನಿಂತಿದ್ದ. ಒಂದು ಸಂಜೆ ಅವಳು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು: “ಅತ್ತಿಗೆ, ಅವನು ಎಡಚ.”

ಈ ಚಿತ್ರ ಬರೆದವನು ತಾನೇ ಎಂದು ತೋರಿಸಲು ಚಿತ್ರಕಾರ ಅಲ್ಲಿ ತನ್ನನ್ನೇ ಬರೆದುಕೊಂಡಿದ್ದಾನೆ. ಆ ಭಾಗದ ಕುಂಚದ ಗೆರೆಗಳೂ ಎಡಗೈಯವರು ಎಳೆದಂತೆ ವಾಲಿವೆ. ಉಳಿದ ಗೋಡೆಯ ಗೆರೆಗಳು ಇನ್ನೊಂದು ಕಡೆಗೆ ವಾಲಿವೆ. ಹಾಗಾದರೆ ಗೋಡೆಗೆ ಇಬ್ಬರು ಚಿತ್ರಕಾರರು. ಇದು ಅವಳು ಕಂಡುಕೊಂಡದ್ದು. ಭೂತಗನ್ನಡಿ ಆ ಅಧ್ಯಾಯವನ್ನು ಓದಿ ಎಲ್ಲಿಯೂ ಬೆರಳಿಡಲಿಲ್ಲವಂತೆ. ದೊಡ್ಡ ಸಭೆಯೊಂದರಲ್ಲಿ ಆ ವಿಷಯವನ್ನೇ ಮಾತಾಡಿ, ನನ್ನ ವಿದ್ಯಾರ್ಥಿನಿ ಕಂಡುಹಿಡಿದದ್ದು ಎಂದರಂತೆ. ಎಡಚ ನಮ್ಮ ಮನೆಯವನೇ ಆಗಿಬಿಟ್ಟ. ನಿಮ್ಮ ಎಡಚ ಇವತ್ತು ಊಟಕ್ಕೆ ಬರ್ತಾನೋ, ಅನ್ನ ಜಾಸ್ತಿ ಇಡಬೇಕೋ ಎಂದು ನನ್ನ ಗಂಡ ರೇಗಿಸುತ್ತಿದ್ದರು. ಅವರಿಗೆ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ. ತಂಗಿಯ ಪ್ರಬಂಧವನ್ನು ಬೇರೆಯವರ ಕೈಗೆ ಕೊಡದೆ ತಾವೇ ಹೊಲಿದು, ಗಟ್ಟಿ ರಟ್ಟು ಹಾಕಿ, ಚಿನ್ನದ ಬಣ್ಣದ ಅಕ್ಷರ ಒತ್ತಿ ತಂದರು.

ವೈವಾಕ್ಕೆ ಕೆಲವೇ ದಿನ ಇತ್ತು. ಇಡೀ ಗೋಡೆಯನ್ನು ಒಂದೇ ಉದ್ದನೆಯ ಪಟವಾಗಿ ಪರೀಕ್ಷಕರಿಗೆ ತೋರಿಸಬೇಕೆಂದು ಅವಳು ಸ್ಲೈಡುಗಳ ಪ್ರಿಂಟ್ ಹಾಕಿಸಿ ತಂದು ಹಜಾರದ ನೆಲದ ಮೇಲೆ ಸಾಲಾಗಿ ಹರಡಿದಳು. ಅಲ್ಲಿಯವರೆಗೆ ಒಂದೊಂದು ಭಾಗವನ್ನು ಬಿಡಿಯಾಗಿಯೇ ನೋಡಿದ್ದಳು. ನಾನು ಹಾಳೆಗಳು ಹಾರದಂತೆ ಅಂಚಿಗೆ ಲೋಟಗಳನ್ನು ಇಡುತ್ತಿದ್ದೆ. ಗೋಡೆಯಲ್ಲೊಂದು ಬಿರುಕು ಇತ್ತು. ಹಾಳೆಯಿಂದ ಹಾಳೆಗೆ ದಾಟುತ್ತಾ ಬರುತ್ತಿತ್ತು. ಕೊನೆಯ ಹಾಳೆಗೆ ಬಂದಾಗ ಅಂಚಿನಲ್ಲೇ ನಿಂತುಹೋಯಿತು. ಎಡಚನಿದ್ದ ಆ ಕೊನೆಯ ಹಾಳೆಯಲ್ಲೂ ಬಿರುಕು ಇತ್ತು, ಆದರೆ ಆಚೆ ತುದಿಯಲ್ಲಿ.

 ಅವಳು ಆ ಹಾಳೆಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಅದರ ಬೆನ್ನು ನಮ್ಮ ಕಡೆಗೆ ಬರುವಂತೆ ಗಾಜಿಗೆ ಒತ್ತಿ ಹಿಡಿದಳು. ಬಿಸಿಲು ಕಾಗದದೊಳಗಿಂದ ಬಂತು. ಪಕ್ಕದ ಹಾಳೆಯನ್ನು ತಂದು ಜೋಡಿಸು ಎಂದು ನನಗೆ ಕೈಸನ್ನೆ ಮಾಡಿದಳು. ಬಿರುಕು ಕೂಡಿಕೊಂಡಿತು. ಎಡಚನ ಕುಂಚ ಬಲಗೈಯಲ್ಲಿತ್ತು.  ಫಿಲ್ಮನ್ನು ಚೌಕಟ್ಟಿಗೆ ಮಗುಚಿ ಹಾಕಲಾಗಿತ್ತು. ಹಾಕಿದವಳು ಅವಳೇ. ಚಿತ್ರ ಮಗುಚಿದಾಗ ಕೈಯೂ ಮಗುಚಿತ್ತು, ಗೆರೆಗಳೂ ಮಗುಚಿದ್ದವು. ಅದಕ್ಕೇ ಎಲ್ಲ ಸಾಕ್ಷಿಯೂ ಒಂದಕ್ಕೊಂದು ಒಪ್ಪಿತ್ತು. ಎಡಚ ಎಂಬವನು ಯಾವತ್ತೂ ಇರಲೇ ಇಲ್ಲ.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಹೇಳಿದರೆ ಎರಡು ವರ್ಷದ ಓದು ಹೋಗುತ್ತದೆ. ಸಭೆಯಲ್ಲಿ ಅವಳ ಮಾತು ನಂಬಿ ಮಾತಾಡಿದ ಮೇಷ್ಟ್ರ ಮಾನವೂ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಗಂಡ ಅದನ್ನೇ ಹೇಳಿದರು.

“ಗೋಡೆನೇ ಬಿದ್ದುಹೋಗಿದೆ. ಎದ್ದು ಬಂದು ಸಾಕ್ಷಿ ಹೇಳುತ್ತಾ? ಬಾಯಿ ಮುಚ್ಕೊಂಡಿರು. ಅದೊಂದು ನಿನಗೆ ಚೆನ್ನಾಗಿ ಬರುತ್ತಲ್ಲ.”

“ಬಿದ್ದುಹೋಗಿದೆ ಅಂತಾನೇ ಭಯ ಅಣ್ಣಾ. ಇನ್ಮೇಲೆ ನಾನು ಹೇಳಿದ್ದೇ ಉಳಿದುಬಿಡುತ್ತೆ.”

ನಾನು ಹೀಗೆ ಮಾಡು, ಹಾಗೆ ಮಾಡು ಎನ್ನಲಿಲ್ಲ. ದೀಪ ಹಚ್ಚುವಾಗ ಅವಳ ಹೆಸರು ಹೇಳಿ, ಅವಳ ನಾಲಗೆಯನ್ನು ನೀನೇ ಕಾಯಪ್ಪ ಎಂದೆ. ಹೇಳಿಸು ಎಂದೋ ತಡೆ ಎಂದೋ ನನಗೂ ಸ್ಪಷ್ಟವಿರಲಿಲ್ಲ.

ವೈವಾದ ದಿನ ನಾನೇ ಜೊತೆಗೆ ಹೋದೆ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆವು. ಅವಳು ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದಳು. ಒಳಗೆ ಪ್ರೊಜೆಕ್ಟರಿಗೆ ಕಾರಿಡಾರಿನಿಂದ ವೈರು ಎಳೆದಿದ್ದರಿಂದ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತ ನನಗೆ ಮಾತೂ ಕೇಳುತ್ತಿತ್ತು, ಸಂದಿನಲ್ಲಿ ಪರದೆಯ ಒಂದು ಪಟ್ಟಿಯೂ ಕಾಣುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕಿ ಮೃದುವಾಗಿ ಕೇಳುತ್ತಿದ್ದರು. ಇವಳ ಉತ್ತರ ನೀರಿನೊಳಗಿಂದ ಬಂದಂತೆ ಬರುತ್ತಿತ್ತು. ಎಡಚನ ಅಧ್ಯಾಯವೇ ಎಲ್ಲಕ್ಕಿಂತ ಚೆನ್ನಾಗಿದೆ, ಅದನ್ನು ಲೇಖನವಾಗಿ ಪ್ರಕಟಿಸಿ ಎಂದರು ಆಕೆ. ತಮ್ಮ ಪ್ರಶ್ನೆ ಮುಗಿಯಿತು ಎಂದರು. ಮೇಷ್ಟ್ರು, ಸರಿ ನೀವು ಹೊರಡಬಹುದು ಎಂದರು. ಕುರ್ಚಿ ಸರಿದ ಸದ್ದು ಕೇಳಿಸಲಿ ಎಂದು ನಾನು ಕಾದೆ. ಕೇಳಿಸಲಿಲ್ಲ. 

“ಸರ್, ಆ ಕೊನೆ ಸ್ಲೈಡು ಇನ್ನೊಂದ್ಸಲ ಹಾಕ್ಬೇಕು. ಮಗುಚಿ ಹಾಕ್ಬೇಕು.”

ಟಕ್ ಎಂದಿತು. ಸಂದಿನಲ್ಲಿ ಕಾಣುತ್ತಿದ್ದ ಕುಂಚ ಮಾಯವಾಗಿ ಅಲ್ಲಿ ಬರಿಯ ಗೋಡೆ ಬಂತು.

“ಬಿರುಕು ನೋಡಿ ಸರ್. ಇವನು ಎಡಚ ಅಲ್ಲ. ಚಿತ್ರಕಾರರು ಇಬ್ಬರು ಅಂತ ಹೇಳೋಕೂ ಆಧಾರ ಇಲ್ಲ. ಆ ಫಿಲ್ಮನ್ನ ಚೌಕಟ್ಟಿಗೆ ಹಾಕಿದ್ದು ನಾನೇ.”

 ಆಮೇಲೆ ಬಾಗಿಲು ತೆರೆಯಿತು. ಮೇಷ್ಟ್ರು ನನ್ನ ಮುಂದೆಯೇ ಹಾದುಹೋದರು, ನನ್ನನ್ನು ನೋಡಲಿಲ್ಲ. ಭೂತಗನ್ನಡಿ ಅಂಗಿಯ ಗುಂಡಿಗೆ ತಾಗಿ ತಾಗಿ ಸದ್ದು ಮಾಡುತ್ತಿತ್ತು. ಫಲಿತಾಂಶ ತಡೆಹಿಡಿಯುತ್ತೇವೆ, ಆ ಅಧ್ಯಾಯ ತೆಗೆದು ಮತ್ತೆ ಬರೆದು ಕೊಡಿ, ಆದರೆ ನಿಮ್ಮ ಗೈಡ್ ಒಪ್ಪಬೇಕು ಎಂದು ಪರೀಕ್ಷಕಿ ಹೇಳಿ ಹೋದರು. ಮುಂಚಿನ ವರ್ಷದ ಆ ವಿದ್ಯಾರ್ಥಿನಿಯ ಕಥೆಯನ್ನು ಅವತ್ತು ಪುಕ್ಕಲಿ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಆಮೇಲೆ ಮನೆಯಲ್ಲಿ ಫೋನ್ ಹೊಡೆದುಕೊಂಡಾಗಲೆಲ್ಲ ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ಕೈ ಹಿಟ್ಟಿನಲ್ಲಿತ್ತು, ಗಂಡ ಕೆಲಸಕ್ಕೆ ಹೋಗಿದ್ದರು. ಅದು ನಿಲ್ಲಲೇ ಇಲ್ಲ. ಅವಳು ನನ್ನನ್ನು ನೋಡಿದಳು, ನಾನು ಕೈ ತೋರಿಸಿದೆ. ಹೋಗಿ ಎತ್ತಿಕೊಂಡಳು. ತುಂಬ ಹೊತ್ತು ಬರೀ ಹೂಂ ಎಂದಳು. ಫೋನ್ ಇಟ್ಟು, ಗೋಡೆಗೆ ಒರಗಿ, ಮೇಷ್ಟ್ರು ಹೇಳಿದ್ದನ್ನು ಹಾಗೆ ಹಾಗೇ ನನಗೆ ಹೇಳಿದಳು.

“ಅದು ಮೂಲ ಫಿಲ್ಮ್ ಅಲ್ಲಮ್ಮಾ, ನಕಲು. ಮೂಲ ಹಾಳಾಗ್ತಾ ಇತ್ತು ಅಂತ ನಾನೇ ಮಾಡಿಸಿದ್ದೆ. ಫಿಲ್ಮಿನ ಮೇಲೆ ಫಿಲ್ಮ್ ಒತ್ತಿ ಮಾಡಿಸಿದ ನಕಲಿನಲ್ಲಿ ಹೊಳಪಿನ ಮಗ್ಗುಲು ಅದಲುಬದಲು. ನೀವು ನಿಯಮದ ಪ್ರಕಾರವೇ ಹಾಕಿದ್ದೀರಿ. ನಕಲು ಅಂತ ನಿಮಗೆ ಹೇಳಬೇಕಾಗಿತ್ತು, ಹೇಳಿರಲಿಲ್ಲ. ಇನ್ನೂ ಯಾವ್ಯಾವುದಕ್ಕೆ ನಕಲು ಮಾಡಿಸಿದ್ದೆ ಅಂತ ನೆನಪಿಲ್ಲ. ಅವನ್ನೆಲ್ಲ ನೋಡಿಯೇ ನಾನು ಪುಸ್ತಕ ಬರೆದಿದ್ದೀನಿ. ಒಬ್ಬನೇ ತೆಗೆದು ನೋಡೋಕೆ ಕೈ ಬರ್ತಿಲ್ಲ. ಬರ್ತೀರಾ?”

ನನ್ನ ಗಂಡ ತಾವೇ ಹೊಲಿದ ಪ್ರಬಂಧದ ದಾರವನ್ನು ಚಾಕುವಿನಿಂದ ಬಿಡಿಸಿ ಆ ಅಧ್ಯಾಯವನ್ನು ಹೊರಗೆ ತೆಗೆದರು. ರೇಗಿಸಲಿಲ್ಲ. ರಟ್ಟು ಹಾಗೇ ಇದೆ, ಹೊಸ ಹಾಳೆಗಳಿಗಾಗಿ ಕಾಯುತ್ತಿದೆ. ಪುಕ್ಕಲಿ ಬೆಳಿಗ್ಗೆ ಬರೆಯುತ್ತಾಳೆ, ಮಧ್ಯಾಹ್ನ ಮೆಟ್ಟಿಲು ಹತ್ತಿ ಸ್ಲೈಡುಗಳ ಕೋಣೆಗೆ ಹೋಗುತ್ತಾಳೆ. ಒಂದೊಂದನ್ನೇ ಅವಳು ಕಿಟಕಿಯ ಬೆಳಕಿಗೆ ಹಿಡಿಯಬೇಕು, ಮೇಷ್ಟ್ರು ಭೂತಗನ್ನಡಿಯಲ್ಲಿ ನೋಡಬೇಕು.  

ನಿನ್ನೆ ಮಗುಚಿ ಹಾಕಿದ್ದು ಒಂದು ಸಿಕ್ಕಿತು. ಅವರ ಮೊದಲ ಪುಸ್ತಕದ ಮುಖಪುಟದ ಚಿತ್ರವೇ. ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು ಕಣ್ಣು ಒರೆಸಿಕೊಂಡರಂತೆ. ಅವಳು ಬಾಗಿಲ ಕಡೆ ನೋಡಿದಳಂತೆ, ಓಡಿಬಿಡೋಣ ಅನ್ನಿಸಿತಂತೆ. ಅವರು ಫಿಲ್ಮನ್ನು ತಿರುಗಿಸಿ ಚೌಕಟ್ಟಿಗೆ ಹಾಕಿ, ಕೆಂಪು ಚುಕ್ಕೆ ಇಟ್ಟರು.

“ಆಮೇಲೆ ‘ಮುಂದಿನದು ಕೊಡಿ’ ಅಂದ್ರು ಅತ್ತಿಗೆ. ಕೊಟ್ಟೆ.”

ಇನ್ನೂ ಎರಡು ಕಪಾಟು ಬಾಕಿ ಇವೆಯಂತೆ.