ಅಲ್ಲಾಡಿದ ಫೋಟೋಗಳು

ಬಣ್ಣ ಬಳಿದ ಹಳೆಯ ಬಟ್ಟೆಗೆ ಅದರದೇ ಒಂದು ವಾಸನೆ ಇರುತ್ತದೆ. ಅಂಟು, ಧೂಳು, ಮೇಲೊಂದಿಷ್ಟು ಇಲಿ. ಮೊನ್ನೆ ನಮ್ಮ ಜಿಲ್ಲೆಯ ಭಾಗ್ಯನಗರದ ಹಳೇ ಗೋದಾಮೊಂದರಲ್ಲಿ ಹೊಸದಾಗಿ ತೆರೆದಿರುವ ಕಲಾ ಸಂಗ್ರಹಾಲಯದೊಳಗೆ ಕಾಲಿಟ್ಟದ್ದೇ ಆ ವಾಸನೆ ಮೂಗಿಗೆ ಬಡಿಯಿತು. ನಮ್ಮ ಭಾಗದ ಕಲಾವಿದರ ಪ್ರದರ್ಶನವೆಂದು ಯಜಮಾನರು ಕರೆದುಕೊಂಡು ಹೋಗಿದ್ದರು. ಬರುವ ತಿಂಗಳು ನನಗೆ ನಿವೃತ್ತಿ. "ಇನ್ನ ಸಾಲಿ ಸಾಕು. ಆರಾಮ ಮನ್ಯಾಗ ಕುಂದ್ರು, ಇಂಥಾವು ನಾಕು ನೋಡು" ಎನ್ನುವುದು ಅವರ ಯೋಜನೆ. ಕುಂದ್ರು ಎಂಬ ಮಾತು ಕೇಳಿದರೆ ಸಾಕು, ನನಗೆ ಅಂಗಾಲು ಉರಿಯುತ್ತದೆ. ನವಲಿಯ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಂದು ದಿನವೂ ಕುರ್ಚಿಯಲ್ಲಿ ನೆಟ್ಟಗೆ ಕೂತವಳಲ್ಲ. ಈಗ ಮನೆಯಲ್ಲಿ ಕೂತು ಏನು ಮಾಡಲಿ, ನೀವೇ ಹೇಳಿ.

ಒಳಗಿದ್ದದ್ದೆಲ್ಲ ಅರ್ಥವಾಯಿತೆಂದರೆ ಸುಳ್ಳಾಗುತ್ತದೆ. ಒಬ್ಬರು ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಇನ್ನೊಬ್ಬರು ಗೊಬ್ಬರದ ಚೀಲಗಳನ್ನು ಹೊಲಿದು ಆಕಾಶ ಮಾಡಿದ್ದರು, ಅದು ಚೆನ್ನಾಗಿತ್ತು. ಯಜಮಾನರು ಒಂದೊಂದರ ಮುಂದೂ ಕೈಕಟ್ಟಿ ನಿಂತು ಪಕ್ಕದ ಚೀಟಿ ಓದುತ್ತಿದ್ದರು. ನನಗೆಲ್ಲಿಯ ತಾಳ್ಮೆ? ವಾಸನೆ ಹಿಡಿದು ಮುಂದೆ ಹೋದೆ. ಕೊನೆಯ ಗೋಡೆಗೆ ಅದು ತೂಗುತ್ತಿತ್ತು. ಒಂದು ಕೊಳ, ಎರಡು ಹಂಸ, ಎಲ್ಲಿಗೂ ಹೋಗದ ಮೆಟ್ಟಿಲು. ಅಯ್ಯ ಶಿವನೇ, ನಮ್ಮ ಕುಷ್ಟಗಿಯ ವಿರೂಪಣ್ಣನ ಸ್ಟುಡಿಯೋದ ಪರದೆ!

ವಿರೂಪಣ್ಣ ಫೋಟೋ ತೆಗೆಯುವವನು, ಆ ಪರದೆಯನ್ನೂ ತಾನೇ ಬರೆದಿದ್ದ. ಬೇಸಿಗೆಯಲ್ಲಿ ಊರಿನವರು ಅಷ್ಟು ನೀರು ನೋಡುತ್ತಿದ್ದದ್ದು ಆ ಪರದೆಯ ಮೇಲಷ್ಟೇ. ಒಂದು ಹಂಸದ ಕುತ್ತಿಗೆ ಗಿಡ್ಡವಾಗಿ ಅದು ಕೋಳಿಯೇ ಆಗಿತ್ತು. ಯಾರಾದರೂ ಎತ್ತಿ ಆಡಿದರೆ "ನೀ ಅದರ ಮುಂದ ನಿಲ್ಲು, ಕಾಣಂಗಿಲ್ಲ" ಎನ್ನುತ್ತಿದ್ದ. ಆ ಕೋಳಿಯ ಮುಂದೆ ನಿಲ್ಲದೆ ನಮ್ಮ ಓಣಿಯ ಯಾವ ಹುಡುಗಿಗೂ ಗಂಡು ಗೊತ್ತಾಗಿರಲಿಲ್ಲ.

ನನ್ನನ್ನೂ ನಿಲ್ಲಿಸಿದರು. ಶಿಕ್ಷಕರ ತರಬೇತಿಗೆ, ಆಗಿನ ಟಿ.ಸಿ.ಎಚ್.ಗೆ, ಅರ್ಜಿ ಹಾಕಿ ಸೀಟಿಗಾಗಿ ಕಾಯುತ್ತಿದ್ದೆ. ಅಷ್ಟರಲ್ಲಿ ಗಂಗಾವತಿ ಕಡೆಯ ನೀರಾವರಿ ಹೊಲದ ಮನೆತನವೊಂದು ಹುಡುಗಿಯ ಫೋಟೋ ಕೇಳಿತು. ಅಪ್ಪ ಕಚೇರಿಯೊಂದರಲ್ಲಿ ಜವಾನ, ಕೆಟ್ಟವನಲ್ಲ. "ಸೀಟು ಮೊದ್ಲ ಬಂದ್ರ ಓದು, ಗಂಡು ಮೊದ್ಲ ಬಂದ್ರ ಲಗ್ನ" ಎಂದುಬಿಟ್ಟ. ನನ್ನ ಬಾಳೆಲ್ಲ ಯಾವುದು ಮೊದಲು ಬರುತ್ತದೆ ಎಂಬುದರ ಮೇಲೆ ನಿಂತಿತ್ತು.

ಮೊದಲ ಸಲ ನಾನು ಬೇಕೆಂದು ಅಲ್ಲಾಡಿದ್ದಲ್ಲ, ದೇವರಾಣೆ. ಅವ್ವನ ಸೀರೆ, ಮುಖಕ್ಕೆ ಬಡಿಯುವ ದೀಪಗಳ ಸೆಕೆ. ಕರೆಂಟು ಮಂದವಿದ್ದರೆ ವಿರೂಪಣ್ಣನ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದುಕೊಂಡಿರಬೇಕಿತ್ತು. "ಉಸಿರು ಹಿಡಿ, ಅಲ್ಲಾಡಬ್ಯಾಡ" ಎಂದ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟ್ಯಾಳ ಎಂದು ಅವ್ವನಿಂದ ಬೈಸಿಕೊಂಡು ಬೆಳೆದವಳು ನಾನು, ಎಲ್ಲಿ ನಿಂತೇನು? ಫೋಟೋದಲ್ಲಿ ಸೀರೆ ಕಂಡಿತು, ಕೋಳಿ ಕಂಡಿತು, ಮುಖದ ಜಾಗದಲ್ಲಿ ಹೊಗೆ. "ಇದನ್ನ ಕಳಿಸಿದ್ರ ದೆವ್ವ ಅಂತಾರ" ಎಂದು ಅಪ್ಪ ಎಗರಾಡಿದ. ನನಗೆ ಉಪಾಯ ಹೊಳೆದದ್ದೇ ಆಗ. ಎರಡನೇ ಸಲ ಬೇಕೆಂದೇ ಮುಖ ತಿರುವಿದೆ.

ಮೂರನೇ ಸಲ ಅಪ್ಪ ಹೊರಗೆ ಚಹಾ ಕುಡಿಯುತ್ತಿದ್ದ. ವಿರೂಪಣ್ಣ ಕ್ಯಾಮೆರಾ ಬಿಟ್ಟು ನನ್ನ ಹತ್ತಿರ ಬಂದ.

"ಏನವ್ವಾ, ಬೇಕಂತನ ಅಲ್ಲಾಡ್ತೀ, ಹೌದಿಲ್ಲೋ?"

ನಾನು ಅಳುವುದೊಂದು ಬಾಕಿ. "ಟಿ.ಸಿ.ಎಚ್. ಮಾಡ್ಬೇಕ್ರಿ ಅಣ್ಣಾರ. ಇನ್ನೊಂದೀಟು ದಿನ ತಡದ್ರ ಸೀಟು ಬರತೈತ್ರಿ."

ಅವನು ಬಾಗಿಲ ಕಡೆ ನೋಡಿದ. ಮತ್ತೆ ಕ್ಯಾಮೆರಾದ ಹಿಂದೆ ಹೋಗಿ ನಿಂತ. "ಹಂಗಾದ್ರ ಭಾಳ ಅಲ್ಲಾಡಬ್ಯಾಡ, ಕರೆಂಟಿನ ಮ್ಯಾಲ ಹಾಕಾಕ ಬರಬೇಕು ನನಗ. ಈಟ ಮಾರಿ ತಿರುವು. ಹೂಂ, ಈಗ!"

ಫೋಟೋ ಕೈಗೆ ಬಂದಾಗ ಅಪ್ಪ ಕರೆಂಟಿನವರ ವಂಶವನ್ನೆಲ್ಲ ಬೈದ. ವಿರೂಪಣ್ಣ ತಲೆ ಬಗ್ಗಿಸಿ "ಏನ್ಮಾಡೂದ್ರಿ, ಡಿಮ್ ಬರಾಕತ್ತೈತಿ" ಎನ್ನುತ್ತಿದ್ದ. ಗಂಗಾವತಿಯವರು ಕಾದು ಕಾದು ಬೇರೆ ಹೆಣ್ಣು ನೋಡಿಕೊಂಡರು. ಆಮೇಲೆ ಸೀಟು ಬಂತು! ಕಾಲೇಜಿಗೆ ಕೊಡಲು ಫೋಟೋ ಬೇಕೆಂದು ಹೋದಾಗ "ಈಗ ಅಲ್ಲಾಡಿದಿ ನೋಡು!" ಎಂದು ಬೆರಳು ತೋರಿಸಿದ. ಕಲ್ಲಿನ ಹಾಗೆ ನಿಂತೆ. ಫೋಟೋ ಕನ್ನಡಿಯಷ್ಟು ಸ್ವಚ್ಛ ಬಂತು. ಅವತ್ತೂ ಕರೆಂಟು ಮಂದವೇ ಇತ್ತು.

ವಿರೂಪಣ್ಣ ಹೋಗಿ ಎಷ್ಟೋ ವರ್ಷವಾಯಿತು. ಅವನ ಮಗಳು ಪರದೆಯನ್ನೂ ಹಳೇ ಫೋಟೋಗಳನ್ನೂ ಇಲ್ಲಿಗೆ ಕೊಟ್ಟಿದ್ದಾಳಂತೆ. ಪರದೆಯ ಪಕ್ಕದಲ್ಲಿ, ಗಾಜಿನ ಹಿಂದೆ, ನನ್ನ ಮೂರೂ ಫೋಟೋ ಸಾಲಾಗಿ ಕೂತಿದ್ದವು. ಕೆಟ್ಟವೆಂದು ಎಂದೋ ಬಿಸಾಡಿದನೆಂದುಕೊಂಡಿದ್ದೆ, ಪುಣ್ಯಾತ್ಮ ಇಟ್ಟುಕೊಂಡಿದ್ದ. ಯಜಮಾನರು ಬಂದು ಚೀಟಿಯನ್ನು ಗಟ್ಟಿಯಾಗಿ ಓದಿದರು: "ಅಸ್ಥಿರ, ಒಂದರಿಂದ ಮೂರು. ಮುಖವನ್ನೇ ಕರಗಿಸಿ ಗುರುತನ್ನು ಪ್ರಶ್ನಿಸುವ ದಿಟ್ಟ ಪ್ರಯೋಗ. ಚಿತ್ರದಲ್ಲಿ, ಅಪರಿಚಿತ ಯುವತಿ." ಓದಿ, ತಲೆದೂಗಿ, "ಭಾಳ ಆಳ ಐತಿ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. "ಆಳನೂ ಇಲ್ಲ, ಏನೂ ಇಲ್ರಿ. ಅಲ್ಲಾಡಿದಾಕಿ ನಾನು" ಎಂದು ಕಥೆಯನ್ನೆಲ್ಲ ಹೇಳಿದೆ. ಇಷ್ಟು ವರ್ಷದ ಸಂಸಾರದಲ್ಲಿ ಇದನ್ನು ಅವರಿಗೆ ಹೇಳಿದ್ದು ಇದೇ ಮೊದಲು. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು.

"ಅಂದ್ರ ಕುಷ್ಟಗ್ಯಾಗ ಕರೆಂಟ್ ಛಲೋ ಇದ್ದಿದ್ರ ನಾ ಪಾರಾಗ್ತಿದ್ದೆ."

ಆಮೇಲೆ ಜೇಬಿನಿಂದ ಫೋನು ತೆಗೆದರು. "ಹೋಗು, ಅದರ ಮುಂದ ನಿಂದ್ರು. ಅಲ್ಲಾಡಬ್ಯಾಡ ಮತ್ತ."

ಹೋಗಿ ಕೋಳಿಯ ಮುಂದೆ ನಿಂತೆ. ಗೋದಾಮಿನ ಬೆಳಕೂ ಅಷ್ಟಕ್ಕಷ್ಟೇ. ಅವರ ಬೆರಳು ಫೋನಿನ ಮೇಲೆ ಬೀಳುತ್ತಿದ್ದ ಹಾಗೆ ಈಟು ಮುಖ ತಿರುವಿದೆ.

"ಏ, ಅಲ್ಲಾಡಿಬಿಟ್ಟಿ! ಇನ್ನೊಮ್ಮೆ ನಿಂದ್ರು."

"ಬ್ಯಾಡ ಬಿಡ್ರಿ. ಅದು ನಾಕನೇದು."

ಅವರು ಫೋನನ್ನು ಗೋಡೆಯ ಮೂರು ಫೋಟೋಗಳ ಪಕ್ಕ ಹಿಡಿದು ನೋಡಿದರು. "ಹಂಗಾದ್ರ ಬರೋ ತಿಂಗಳಿಂದ ಮನ್ಯಾಗ ಕುಂದ್ರಾಕಿ ಅಲ್ಲ ನೀ. ಎಲ್ಲಿ ಹೊಂಟಿ?"

"ಗೊತ್ತಿಲ್ರಿ" ಎಂದೆ. "ಸೀಟು ಇನ್ನೂ ಬರೂದೈತಿ."