ಹಳೇ ಕೋವಿಗೆ ಹೊಸ ಸ್ಕ್ರೂ

ನನ್ನ ಎಂಟು ವರ್ಷದ ಮೊಮ್ಮಗಳು ಅವರಪ್ಪನನ್ನು ಪೊಲೀಸ್ ಕೇಸಿನಿಂದ ಉಳಿಸಿಬಿಟ್ಟಳು! ಯಲಹಂಕದ ನಮ್ಮ ಮನೆಯ ಗೋಡೆಗೆ ತೂಗುಹಾಕಲೆಂದು ಮಗ ಆನ್‌ಲೈನಿನಲ್ಲಿ ಕೋವಿಯೊಂದನ್ನು ಕೊಳ್ಳುವುದರಲ್ಲಿದ್ದ. ‘ಇನ್ನೂರು ವರ್ಷ ಹಳೆಯದು, ಹಾಗಾಗಿ ಲೈಸೆನ್ಸ್ ಬೇಡ’ ಎಂದು ಜಾಹೀರಾತಿನಲ್ಲಿ ಬರೆದಿತ್ತು. ನಾನೂ ಹೂಂ ಅಂದಿದ್ದೆ.

ಮೊಮ್ಮಗಳು ಫೋಟೋ ದೊಡ್ಡದು ಮಾಡಿ ನೋಡಿ, “ತಾತಾ, ನನ್ ಆಟದ ಕಾರಿಗಿರೋ ಸ್ಟಾರ್ ಸ್ಕ್ರೂನೇ ಇದಕ್ಕೂ ಇದೆ!” ಎಂದಳು. ಗೊರಗುಂಟೆಪಾಳ್ಯದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಸ್ಕ್ರೂ ತಿರುಗಿಸಿದ ನನಗೇ ಅದು ಕಂಡಿರಲಿಲ್ಲ. ಇನ್ನೂರು ವರ್ಷದ ಹಿಂದೆ ಸ್ಟಾರ್ ಸ್ಕ್ರೂ ಎಲ್ಲಿತ್ತು? ಮಗ ಫೋನ್ ಮಾಡಿ ಕೇಳಿದ್ದೇ ತಡ, ಮಾರುವವನು ಕಟ್ ಮಾಡಿದ.

“ಹೊಸ ಕೋವಿ ಲೈಸೆನ್ಸ್ ಇಲ್ದೆ ಇಟ್ಕೊಂಡಿದ್ರೆ ನಿನ್ನೇ ಒಳಗೆ ಹಾಕ್ತಿದ್ರು ಕಣೋ” ಎಂದೆ.

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಅವಳ ಚುರುಕು ನೋಡಿ ಎದೆ ತುಂಬಿಬಂತು. ಆ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು ಬಿಸಿ ಮುದ್ದೆ, ಉಪ್ಸಾರು ಉಂಡೆವು.